ಹೊಸ ತಿನಿಸನ್ನು ಮೂಸಿ ಬಿಡುವ ಬೆಕ್ಕಿಗೆ

ಹೊಸ ಟ್ರೀಟ್ (ಊಟದ ಹೊರತಾಗಿ ಕೊಡುವ ಪುಟ್ಟ ತಿನಿಸು) ಪ್ಯಾಕೆಟ್ ಒಡೆದು ತಟ್ಟೆಗೆ ಹಾಕಿದ ಕೂಡಲೇ ಬೆಕ್ಕು ಹತ್ತಿರ ಬರುತ್ತದೆ. ಮೂಗು ಚಾಚಿ ಎರಡು ಸಲ ಮೂಸುತ್ತದೆ. ಆಮೇಲೆ ತಟ್ಟೆ ಪಕ್ಕದ ನೆಲವನ್ನು ಮುಂಗಾಲಿನಿಂದ ಮಣ್ಣು ಮುಚ್ಚುವ ಹಾಗೆ ಕೆರೆದು ಹೊರಟುಹೋಗುತ್ತದೆ. ಮನೆಯವರು ಇದನ್ನು ಸೊಕ್ಕು ಅನ್ನುತ್ತಾರೆ, ಇನ್ನೊಂದು ಬ್ರ್ಯಾಂಡ್ ತರುತ್ತಾರೆ, ಅದೂ ಡಬ್ಬಿಯಲ್ಲೇ ಉಳಿಯುತ್ತದೆ. ಆ ವಸ್ತು ಆಹಾರವೆಂದು ಬೆಕ್ಕಿನ ಮೂಗಿಗೆ ಇನ್ನೂ ಮನವರಿಕೆಯಾಗಿಲ್ಲ ಎಂಬುದು ಆ ಕೆರೆತದ ಅರ್ಥವಿರಬಹುದು. ಕೆರೆದದ್ದು ಕಂಡರೆ ತಟ್ಟೆ ಎತ್ತಿಬಿಡಿ. ಹಿಂದೆ ಹೋಗಿ ಬಾಯಿಗೆ ತುರುಕಬೇಡಿ.

ಬೆಕ್ಕಿನ ನಾಲಿಗೆಯಲ್ಲಿ ರುಚಿಮೊಗ್ಗುಗಳು ಕೆಲವು ನೂರು ಮಾತ್ರ, ನಮ್ಮಲ್ಲಿ ಸಾವಿರಾರು. ಸಿಹಿ ಗುರುತಿಸುವ ಜೀನ್ ಬೆಕ್ಕಿನಲ್ಲಿ ಕೆಟ್ಟುಹೋಗಿರುವುದರಿಂದ ಸಿಹಿ ಅದಕ್ಕೆ ಗೊತ್ತೇ ಆಗುವುದಿಲ್ಲ. ಪೇಡೆ ನೆಕ್ಕುವ ಬೆಕ್ಕು ನೆಕ್ಕುತ್ತಿರುವುದು ಹಾಲಿನ ಕೊಬ್ಬನ್ನು. ತಿನ್ನಬೇಕೋ ಬಿಡಬೇಕೋ ಎಂಬ ತೀರ್ಮಾನ ಬಹುಪಾಲು ಮೂಗಿನದು, ವಾಸನೆ ಏಳುವುದು ಬಿಸಿಯಿಂದ. ಫ್ರಿಜ್ಜಿನಿಂದ ತೆಗೆದದ್ದನ್ನು ಹಾಗೇ ಕೊಟ್ಟರೆ ಅದಕ್ಕೆ ಹೆಚ್ಚೇನೂ ತಿಳಿಯುವುದಿಲ್ಲ. ಬಟ್ಟಲನ್ನು ಬಿಸಿನೀರಿನ ಪಾತ್ರೆಯೊಳಗೆ ಐದು ನಿಮಿಷ ಇಡಿ, ತಿರುವಿ, ಮಣಿಕಟ್ಟಿನ ಒಳಬದಿಗೆ ತಾಗಿಸಿ ನೋಡಿ. ಬಿಸಿಯೂ ಅನಿಸಬಾರದು, ತಣ್ಣಗೂ ಇರಬಾರದು. ಆಗಷ್ಟೇ ಹಿಡಿದ ಇಲಿಯ ಮೈಯಷ್ಟು, ಸುಮಾರು 37-38 ಡಿಗ್ರಿ, ಬೆಕ್ಕಿಗೆ ಹಿತ.

ತಟ್ಟೆಯ ಕಡೆಗೂ ಗಮನ ಕೊಡಿ. ನಮ್ಮ ಪಾತ್ರೆ ತೊಳೆಯುವ ಸೋಪುಗಳಲ್ಲಿ ಬಹಳಷ್ಟು ನಿಂಬೆ ವಾಸನೆಯವು, ಆ ವಾಸನೆ ಬೆಕ್ಕುಗಳಿಗೆ ಸೇರುವುದೇ ಇಲ್ಲ. ಸ್ಟೀಲ್ ತಟ್ಟೆಯನ್ನು ಎರಡು ಸಲ ಬರೀ ಬಿಸಿನೀರಿನಲ್ಲಿ ತೊಳೆದು ಒಣಗಿಸಿ. ಕಿತ್ತಳೆ ಸುಲಿದ ಕೈ, ನೋವಿನ ಮುಲಾಮು ಹಚ್ಚಿದ ಕೈ, ಊದಿನಕಡ್ಡಿ ಮುಟ್ಟಿದ ಕೈ ಬೇಡ. ಅಂಚಿಗೆ ಮೀಸೆ ತಾಗದಂಥ ಅಗಲವಾದ ಸಾಸರ್ ಒಳ್ಳೆಯದು. ಮಿಕ್ಸಿ ತಿರುಗುವ ಅಡುಗೆಮನೆ, ಬೆಕ್ಕಿನ ಮಲದ ಟ್ರೇ ಇರುವ ಮೂಲೆ, ಎರಡೂ ಈ ಕೆಲಸಕ್ಕೆ ಆಗದ ಜಾಗಗಳು.

ಈಗ ಪರಿಚಯಿಸುವ ಕ್ರಮ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಚಿಕನ್ ವಾಸನೆಯ ಗರಿಗರಿ ಕಾಳು (ಬೆಕ್ಕಿನ ಒಣ ಆಹಾರ) ತಿನ್ನುವ ಬೆಕ್ಕಿಗೆ ಮೊದಲು ಅದೇ ವಾಸನೆಯ ಬೇರೆ ಗರಿಗರಿ ತಿನಿಸು ಕೊಡಿ. ವಾಸನೆಯೂ ಹೊಸದು, ಮುಟ್ಟಿದರೆ ಮೆತ್ತಗೆ ಎಂದರೆ ಎರಡು ಅಪರಿಚಿತರನ್ನು ಒಟ್ಟಿಗೆ ಮನೆಗೆ ಕರೆದಂತಾಗುತ್ತದೆ. ಹಳೆಯ ಕಾಳನ್ನೂ ಹೊಸದನ್ನೂ ಬಟ್ಟೆಯಲ್ಲಿ ಬೇರೆ ಬೇರೆ ಕಟ್ಟಿ ಒಂದೇ ಬಿಗಿ ಡಬ್ಬಿಯಲ್ಲಿ ರಾತ್ರಿಯಿಡೀ ಇಟ್ಟರೆ ಪರಿಚಿತ ವಾಸನೆ ಹೊಸದಕ್ಕೂ ಹತ್ತುತ್ತದೆ. ಊಟಕ್ಕೆ ಒಂದು ಗಂಟೆ ಮುಂಚೆ, ತೊಗರಿ ಬೇಳೆಯಷ್ಟು ಒಂದೇ ಚೂರನ್ನು ಬೇರೆ ಸಾಸರಿನಲ್ಲಿ ಹಾಕಿ, ಮಾಮೂಲಿ ಬಟ್ಟಲಿನಿಂದ ಒಂದು ಗೇಣು ದೂರ ಇಡಿ. ಊಟದ ಬಟ್ಟಲಿನೊಳಗೆ ಬೆರೆಸಬೇಡಿ, ಹೊಸದರ ಮೇಲಿನ ಗುಮಾನಿ ಹಳೆಯ ಊಟಕ್ಕೂ ಅಂಟಿಕೊಂಡರೆ ಬೆಕ್ಕು ಎರಡನ್ನೂ ಬಿಡುತ್ತದೆ. ಇಪ್ಪತ್ತು ನಿಮಿಷ ನೋಡಿ, ಮಾತಿಲ್ಲದೆ ಎತ್ತಿಬಿಡಿ. ಹೀಗೆ ದಿನಾ. ಮೊದಲ ದಿನಗಳಲ್ಲಿ ಮೂಸಿದರೂ ಸಾಕು, ಒಮ್ಮೆ ನೆಕ್ಕಿದರೆ ಅರ್ಧ ಕೆಲಸ ಮುಗಿಯಿತು. ಎರಡು ವಾರ ಹಿಡಿದರೂ ಆಶ್ಚರ್ಯವಿಲ್ಲ. ಮೂರನೇ ದಿನಕ್ಕೇ ಕೈಬಿಡುವವರು ಬಹಳ.

ನೆಕ್ಕುವ ಹಂತಕ್ಕೂ ಬಾರದಿದ್ದರೆ ಸೇತುವೆಗೆ ಬೆಣ್ಣೆ ಇದೆ. ದಾವಣಗೆರೆಯ ಮನೆಗಳಲ್ಲಿ ಅದಕ್ಕೇನೂ ಬರವಿಲ್ಲ. ಉಪ್ಪಿಲ್ಲದ ಬೆಣ್ಣೆ, ಸಾಸಿವೆ ಕಾಳಿನಷ್ಟು, ಚೂರಿನ ಮೇಲೆ ಸವರಿ. ಮೀನು ಮೆಚ್ಚುವ ಬೆಕ್ಕಾದರೆ ಒಣ ಸೀಗಡಿ. ಸಂತೆಯಲ್ಲಿ ಸಿಗುವುದರಲ್ಲಿ ಉಪ್ಪು ಜಾಸ್ತಿ ಇರುವುದರಿಂದ ಮೂರು ಸಲ ನೀರು ಬದಲಿಸಿ ನೆನೆಸಿ, ಒಣಗಿಸಿ, ಹುರಿದು ಪುಡಿ ಮಾಡಿ ಚಿಟಿಕೆಯಷ್ಟೇ ಉದುರಿಸಿ. ಒಗ್ಗರಣೆ ಮಂಡಕ್ಕಿಯ ತಟ್ಟೆಯನ್ನು ಮಾತ್ರ ಬೆಕ್ಕಿಗೆ ನೆಕ್ಕಲು ಬಿಡಬೇಡಿ. ಈರುಳ್ಳಿ, ಬೆಳ್ಳುಳ್ಳಿ ಹಸಿಯಾಗಿದ್ದರೂ ಬೆಂದಿದ್ದರೂ ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ.

ಚಿಕನ್ ಮನೆಯಲ್ಲೇ ಬೇಯಿಸುವುದಾದರೆ ಎಲುಬಿಲ್ಲದ ಎದೆಮಾಂಸ 100 ಗ್ರಾಂ, ಮುಳುಗುವಷ್ಟು ನೀರು, ಹದಿನೈದು ನಿಮಿಷ. ಉಪ್ಪು, ಮಸಾಲೆ, ಶುಂಠಿ-ಬೆಳ್ಳುಳ್ಳಿ ಪೇಸ್ಟ್ ಯಾವುದೂ ಬೇಡ. ಎಳೆ ಎಳೆಯಾಗಿ ಬಿಡಿಸಿ, ಬೆಂದ ನೀರನ್ನು ಐಸ್ ಟ್ರೇಯಲ್ಲಿ ಹಾಕಿಡಿ. ಬೇಕಾದಾಗ ಒಂದು ತುಂಡು ಕರಗಿಸಿ ಟ್ರೀಟ್ ಮೇಲೆ ಚಿಮುಕಿಸಬಹುದು. ಮನೆಯೊಳಗೇ ಇರುವ, ಸಂತಾನಹರಣವಾದ ನಾಲ್ಕು ಕಿಲೋ ಬೆಕ್ಕಿಗೆ ದಿನಕ್ಕೆ ಸುಮಾರು 200 ಕ್ಯಾಲೊರಿ ಸಾಕು. ತಿನಿಸಿನ ಪಾಲು ಅದರ ಹತ್ತನೇ ಒಂದಕ್ಕಿಂತ ಹೆಚ್ಚಾಗಬಾರದು, ಎಂದರೆ ಬೆಂದ ಎದೆಮಾಂಸ 12 ಗ್ರಾಂ, ಅಷ್ಟೇ.

ಮಾಂಸ ಬೇಯಿಸದ ಮನೆಗಳು ನಮ್ಮಲ್ಲಿ ಬಹಳ. ಅಲ್ಲಿಯ ಬೆಕ್ಕು ಮರಿಯಿದ್ದಾಗಿನಿಂದ ಹಾಲನ್ನ, ಮೊಸರನ್ನ ತಿಂದು ಬೆಳೆದಿದ್ದರೆ ಮಾಂಸದ ಟ್ರೀಟನ್ನು ಮೂಸಿಯೂ ನೋಡದಿರಬಹುದು, ಮೊದಲ ವಾರಗಳಲ್ಲಿ ಕಂಡ ವಾಸನೆಯೇ ಅದಕ್ಕೆ ಆಹಾರ. ಆದರೆ ಬೆಕ್ಕಿಗೆ ಟಾರಿನ್ ಎಂಬ ಪೋಷಕಾಂಶ ಬೇಕೇ ಬೇಕು, ಅನ್ನ-ಹಾಲಿನಲ್ಲಿ ಅದು ಸಾಲದು. ಕೊರತೆ ಮುಂದುವರಿದರೆ ಕಣ್ಣಿನ ಒಳಪರದೆಯೂ (ರೆಟಿನಾ) ಹೃದಯವೂ ಕೆಡುತ್ತವೆ. ಟ್ರೀಟ್ ಈ ಕೊರತೆ ತುಂಬುವುದಿಲ್ಲ. ಬೆಕ್ಕಿಗೆಂದೇ ತಯಾರಾದ ಸಂಪೂರ್ಣ ಆಹಾರಕ್ಕೆ ಆ ಬೆಕ್ಕನ್ನು ದಾಟಿಸಲೇಬೇಕು. ಅದರ ಮೊದಲ ಹೆಜ್ಜೆಯಾಗಿ, ಈ ಒಂದು ಬೆಕ್ಕಿಗೆ ಮಾತ್ರ ಊಟದೊಳಗೆ ಬೆರೆಸಬಾರದೆಂಬ ಮೇಲಿನ ನಿಯಮ ಸಡಿಲಿಸಿ, ಟ್ರೀಟನ್ನು ನುಣ್ಣಗೆ ಪುಡಿ ಮಾಡಿ ಹಾಲನ್ನದ ಒಂದು ಅಂಚಿಗೆ ಮಾತ್ರ ಒಂದು ಚಿಟಿಕೆ, ವಾರಕ್ಕೊಮ್ಮೆ ಇನ್ನೊಂದು ಚಿಟಿಕೆ ಸೇರಿಸಿ. ಉಳಿದ ಅನ್ನ ಮಾಮೂಲಿನಂತಿದ್ದರೆ ಅದು ಊಟ ಬಿಡುವುದಿಲ್ಲ.

ಏಪ್ರಿಲ್-ಮೇನಲ್ಲಿ ಚಿತ್ರದುರ್ಗದ ಬಿಸಿಲಿಗೆ ಬೆಕ್ಕು ಹಗಲು ತಿನ್ನುವುದು ಕಡಿಮೆ. ಪ್ರಯೋಗವನ್ನು ಮುಂಜಾನೆ ಅಥವಾ ರಾತ್ರಿಗೆ ಹಾಕಿಕೊಳ್ಳಿ. ಒಡೆದ ಪ್ಯಾಕೆಟ್ ಅಟ್ಟದ ಮೇಲಿದ್ದರೆ ಕೊಬ್ಬು ಕಮಟುತ್ತದೆ. ನಮಗೆ ಗೊತ್ತಾಗುವ ಮೊದಲೇ ಬೆಕ್ಕಿಗೆ ಗೊತ್ತಾಗುತ್ತದೆ.

"ಹಸಿದರೆ ತಾನೇ ತಿನ್ನುತ್ತೆ" ಎಂಬ ಸಲಹೆ ಕೇಳಬೇಡಿ. ನಾಯಿಗೆ ಹೇಗೋ, ಬೆಕ್ಕನ್ನು ಹಾಗೆ ಉಪವಾಸ ಕೆಡವುವುದು ಅಪಾಯ. ಎರಡು ಮೂರು ದಿನ ಹೊಟ್ಟೆಗಿಲ್ಲದಿದ್ದರೆ, ಅದರಲ್ಲೂ ದಪ್ಪ ಬೆಕ್ಕಿನಲ್ಲಿ, ಮೈಯ ಕೊಬ್ಬು ಕರಗಿ ಯಕೃತ್ತಿನಲ್ಲಿ ತುಂಬಿಕೊಳ್ಳುತ್ತದೆ, ಪ್ರಾಣಕ್ಕೂ ಮುಳುವಾಗುತ್ತದೆ. ನಿನ್ನೆಯವರೆಗೆ ಇಷ್ಟಪಟ್ಟದ್ದನ್ನೂ ಇಂದು ಬಿಟ್ಟರೆ ಅದು ಬೇರೆ ಸಂಗತಿ. ಹತ್ತಿರ ಬಂದು, ಬಾಯಿಗೆ ಹಾಕಿ, ತಲೆ ಓರೆ ಮಾಡಿ ಉದುರಿಸಿದರೆ ಹಲ್ಲು, ವಸಡು ನೋಡಿಸಿ. ಮೂಗು ಕಟ್ಟಿ ಸೀನುತ್ತಿದ್ದರೆ ವಾಸನೆಯೇ ಹೋಗಿರುತ್ತದೆ. ಮೂಸಿ ತುಟಿ ನೆಕ್ಕಿಕೊಂಡು ಹಿಂದೆ ಸರಿದರೆ ಓಕರಿಕೆ, ವಯಸ್ಸಾದ ಬೆಕ್ಕಾದರೆ ಮೂತ್ರಪಿಂಡದ ಪರೀಕ್ಷೆ ಬೇಕು. ಇಪ್ಪತ್ನಾಲ್ಕು ಗಂಟೆ ಏನೂ ತಿನ್ನದಿದ್ದರೆ ವೈದ್ಯರಲ್ಲಿಗೆ ಬನ್ನಿ.

ಕೊನೆಯದಾಗಿ ಮಾತ್ರೆಯ ವಿಷಯ. ಬೆಕ್ಕು ಹೊಸ ಮೆತ್ತನೆ ಟ್ರೀಟ್ ಒಪ್ಪಿತು ಎಂದು ಮರುದಿನವೇ ಅದರಲ್ಲಿ ಮಾತ್ರೆ ಹುದುಗಿಸಿದರೆ, ಕಹಿ ಒಮ್ಮೆ ನಾಲಿಗೆಗೆ ತಾಕಿದ ಮೇಲೆ ಆ ತಿನಿಸನ್ನು ಅದು ಮತ್ತೆ ಹತ್ತಿರ ಸೇರಿಸದು. ಎರಡು ವಾರ ಬರಿದೇ ಕೊಡಿ. ಆಮೇಲೆ ಮೂರು ಪುಟ್ಟ ಉಂಡೆ ಕಟ್ಟಿ. ಮೊದಲನೆಯದು ಬರಿದು, ಎರಡನೆಯದರಲ್ಲಿ ಮಾತ್ರೆ, ಅದನ್ನು ನುಂಗುವಷ್ಟರಲ್ಲಿ ಮೂರನೆಯದು ಮೂಗಿನ ಮುಂದೆ ಇರಬೇಕು. ಮಾತ್ರೆ ಮುಟ್ಟಿದ ಬೆರಳಿನಿಂದ ಮೊದಲ, ಮೂರನೆಯ ಉಂಡೆ ಕಟ್ಟಬೇಡಿ.