ಆನೆಯ ತಲೆಬುರುಡೆ, ಸಿಂಹದ ಹಲ್ಲು

ಆಫ್ರಿಕಾದ ಆನೆಯನ್ನು ಎದುರಿನಿಂದ ನೋಡಿದವರಿಗೆ ಅದರ ವಿಶಾಲವಾದ ಹಣೆಯ ಹಿಂದೆಯೇ ಮಿದುಳಿರಬೇಕು ಎನ್ನಿಸುವುದು ಸಹಜ. ವಾಸ್ತವವಾಗಿ ಆ ಹಣೆಯ ಬಹುಭಾಗ ಜೇನುಹುಟ್ಟಿನಂತೆ ಗಾಳಿಗೂಡುಗಳಿಂದ ತುಂಬಿದ ಮೂಳೆ. ಸೊಂಡಿಲು ಮತ್ತು ದಂತಗಳ ಭಾರವನ್ನು ತಾಳುವ ಸ್ನಾಯುಗಳು ಹಿಡಿದುಕೊಳ್ಳಲು ದೊಡ್ಡ ಮೇಲ್ಮೈ ಬೇಕು, ಆದರೂ ತಲೆ ಹಗುರವಾಗಿರಬೇಕು ಎಂಬ ಎರಡು ಒತ್ತಡಗಳ ನಡುವೆ ರೂಪುಗೊಂಡ ರಚನೆಯಿದು. ಸುಮಾರು 5 ಕಿಲೊ ತೂಗುವ ಮಿದುಳು ಬುರುಡೆಯ ಹಿಂಭಾಗದಲ್ಲಿ, ಕಿವಿಯ ರಂಧ್ರಗಳ ಮಟ್ಟದಲ್ಲಿ ಹುದುಗಿರುತ್ತದೆ. ಆಫ್ರಿಕಾಕ್ಕೆ ಹೋದ ಯುರೋಪಿನ ಬೇಟೆಗಾರರು ಬಳಸಿದ ರೈಫಲ್‌ಗಳ ಇತಿಹಾಸವನ್ನು ಬಹುಮಟ್ಟಿಗೆ ಈ ಬುರುಡೆಯೇ ನಿರ್ಧರಿಸಿತು ಎಂದರೆ ತಪ್ಪಾಗಲಾರದು.

ಕರಿಮದ್ದಿನ ಕಾಲದಲ್ಲಿ ಗುಂಡಿನ ವೇಗವನ್ನು ಒಂದು ಮಿತಿಗಿಂತ ಹೆಚ್ಚಿಸಲಾಗುತ್ತಿರಲಿಲ್ಲ. ಹೀಗಾಗಿ ಉಳಿದಿದ್ದ ದಾರಿ ಗುಂಡಿನ ತೂಕವನ್ನೇ ಹೆಚ್ಚಿಸುವುದು. ಒಂದು ಪೌಂಡ್ ಸೀಸದಿಂದ ನಾಲ್ಕೇ ಗುಂಡುಗಳನ್ನು ಎರಕಹೊಯ್ದು ಬಳಸುವ ‘ಫೋರ್ ಬೋರ್’ ಕೋವಿಗಳು ಬಂದದ್ದು ಹೀಗೆ. ಅವುಗಳ ಒಂದೊಂದು ಗುಂಡೂ 110 ಗ್ರಾಂಗಿಂತ ಹೆಚ್ಚು ತೂಗುತ್ತಿತ್ತು. 1870ರ ದಶಕದಲ್ಲಿ ಆಫ್ರಿಕಾದ ದಕ್ಷಿಣ ಭಾಗದ ಒಳನಾಡಿನಲ್ಲಿ ಇಂಥ ಕೋವಿ ಹಿಡಿದು ಆನೆಬೇಟೆಯಾಡಿದ ಫ್ರೆಡರಿಕ್ ಸೆಲೂಸ್, ಅದರ ಹಿಂದೊದೆತದಿಂದ ತನ್ನ ನರಗಳೇ ಕೆಟ್ಟವು ಎಂದು ಮುಂದೆ ದೂರಿದ್ದುಂಟು. ಇಷ್ಟೆಲ್ಲ ಪಾಡು ಪಟ್ಟರೂ ಮೆತ್ತನೆಯ ಸೀಸ ದಪ್ಪ ಮೂಳೆಗೆ ಬಡಿದು ಚಪ್ಪಟೆಯಾಗುತ್ತಿತ್ತು.

ಹೊಗೆಯಿಲ್ಲದ ಸ್ಫೋಟಕವಾದ ಕಾರ್ಡೈಟ್ ಈ ಲೆಕ್ಕವನ್ನು ಬದಲಿಸಿತು. 1898ರಲ್ಲಿ ಲಂಡನ್ನಿನ ಕೋವಿ ತಯಾರಕ ಜಾನ್ ರಿಗ್ಬಿ ರೂಪಿಸಿದ .450 ನೈಟ್ರೊ ಎಕ್ಸ್‌ಪ್ರೆಸ್ ತೋಟಾದ ಗುಂಡು 31 ಗ್ರಾಂ ಮಾತ್ರ ತೂಗುತ್ತಿತ್ತು, ಆದರೆ ಸೆಕೆಂಡಿಗೆ ಸುಮಾರು 650 ಮೀಟರ್ ವೇಗದಲ್ಲಿ ಹಾರುತ್ತಿತ್ತು. ಗಟ್ಟಿ ಲೋಹದ ಕವಚ ತೊಡಿಸಿದ ‘ಸಾಲಿಡ್’ ಗುಂಡುಗಳು ಮೂಳೆಗೆ ತಾಗಿದರೂ ಆಕಾರ ಕೆಡದೆ ಮುಂದೆ ಸಾಗುತ್ತಿದ್ದವು. ಮುಂದೆ ಈ ಗುಂಪಿನಲ್ಲಿ .470, .465, .475 ಎಂದು ಒಂದಕ್ಕೊಂದು ಕೂದಲೆಳೆಯಷ್ಟೇ ಭಿನ್ನವಾದ ಕ್ಯಾಲಿಬರ್‌ಗಳು (ಇಂಚಿನಲ್ಲಿ ಹೇಳುವ ನಳಿಕೆಯ ಒಳವ್ಯಾಸದ ಅಳತೆಗಳು) ಹುಟ್ಟಿಕೊಂಡವು. ಇದಕ್ಕೆ ಕಾರಣ ಆಫ್ರಿಕಾದ ಆನೆಯಲ್ಲ, ಭಾರತದ ರಾಜಕೀಯ. ಹಳೆಯ ಮಾರ್ಟಿನಿ-ಹೆನ್ರಿ ಸೇನಾ ಕೋವಿಗಳ ಕ್ಯಾಲಿಬರ್ ಕೂಡ .450 ಆಗಿದ್ದರಿಂದ, ಬಂಡಾಯಗಾರರ ಕೈಗೆ ಗುಂಡುಗಳು ಸಿಕ್ಕಾವೆಂಬ ಭಯದಿಂದ ಬ್ರಿಟಿಷರು 1907ರ ಸುಮಾರಿಗೆ ಭಾರತದಲ್ಲಿಯೂ ಸೂಡಾನಿನಲ್ಲಿಯೂ ಆ ಅಳತೆಯನ್ನು ನಿಷೇಧಿಸಿದರು. ಲಂಡನ್ನಿನ ಕೋವಿ ತಯಾರಕರು ಅಳತೆಯನ್ನು ತುಸು ಹಿಗ್ಗಿಸಿ ವ್ಯಾಪಾರ ಮುಂದುವರಿಸಿದರು.

ಇಷ್ಟು ದೊಡ್ಡ ಕೋವಿ ನಿಜಕ್ಕೂ ಬೇಕಿತ್ತೇ? ಸ್ಕಾಟ್ಲೆಂಡಿನ ಡಬ್ಲ್ಯು.ಡಿ.ಎಂ. ಬೆಲ್ ಈ ಪ್ರಶ್ನೆಗೆ ಕೊಟ್ಟ ಉತ್ತರ ಭೀಕರವೂ ಹೌದು, ಬೋಧಪ್ರದವೂ ಹೌದು. ದಂತಕ್ಕಾಗಿ ಸಾವಿರಕ್ಕೂ ಹೆಚ್ಚು ಆನೆಗಳನ್ನು ಕೊಂದ ಈತ ಅವುಗಳಲ್ಲಿ ಬಹುಪಾಲನ್ನು ಕೊಂದದ್ದು ಕೇವಲ 7 ಮಿಲಿಮೀಟರ್ ರೈಫಲ್‌ನಿಂದ. ಆನೆಯ ತಲೆಬುರುಡೆಯನ್ನು ಗರಗಸದಿಂದ ಸೀಳಿಸಿ, ಮಿದುಳಿರುವ ಜಾಗವನ್ನು ಯಾವ ಯಾವ ಕೋನದಿಂದ ಹೇಗೆ ತಲುಪಬಹುದೆಂದು ಮೊದಲೇ ಅಭ್ಯಾಸ ಮಾಡಿಕೊಂಡಿದ್ದ. ಆನೆಕೋವಿಗಳಲ್ಲಿ ದೈತ್ಯನೆನಿಸಿದ .577ರ ಗುಂಡು 48.6 ಗ್ರಾಂ ತೂಗುತ್ತದೆ, ಅದರ ಶಕ್ತಿ ಸುಮಾರು 9,500 ಜೂಲ್; ಬೆಲ್ ಬಳಸಿದ ಗುಂಡಿನ ತೂಕ 11.2 ಗ್ರಾಂ, ಶಕ್ತಿ ಸುಮಾರು 2,700 ಜೂಲ್. ಆದರೆ ಗುಂಡು ಎಷ್ಟು ಆಳಕ್ಕೆ ಇಳಿಯುತ್ತದೆ ಎಂಬುದು ಅದರ ಒಟ್ಟು ಶಕ್ತಿಗಿಂತ, ಅಡ್ಡಕೊಯ್ತದ ಪ್ರತಿ ಚದರ ಸೆಂಟಿಮೀಟರಿನ ಹಿಂದೆ ಎಷ್ಟು ತೂಕವಿದೆ ಎಂಬುದನ್ನು ಹೆಚ್ಚು ಅವಲಂಬಿಸುತ್ತದೆ. ಹಾಗೆ ಲೆಕ್ಕ ಹಾಕಿದರೆ .577ಕ್ಕೆ ಸುಮಾರು 28 ಗ್ರಾಂ, 7 ಮಿಲಿಮೀಟರಿನ ಉದ್ದನೆಯ ಗುಂಡಿಗೆ ಸುಮಾರು 27 ಗ್ರಾಂ ಬರುತ್ತದೆ, ವ್ಯತ್ಯಾಸ ನಗಣ್ಯ. ಗುಂಡಿನ ಮೂತಿ ದುಂಡಗಿದ್ದುದರಿಂದ ಅದು ದೇಹದೊಳಗೆ ಪಲ್ಟಿ ಹೊಡೆಯದೆ ನೇರವಾಗಿ ಸಾಗುತ್ತಿತ್ತು. ದೊಡ್ಡ ಕೋವಿ ಬೇಕಾಗುತ್ತಿದ್ದದ್ದು ಗುರಿ ತಪ್ಪಿದಾಗ: ಮಿದುಳಿಗೆ ತಾಗದಿದ್ದರೂ ಮೈಮೇಲೆ ಬರುವ ಆನೆಯನ್ನು ಕ್ಷಣಕಾಲ ತಬ್ಬಿಬ್ಬುಗೊಳಿಸುವ ಹೊಡೆತ ಅದಕ್ಕಿತ್ತು.

ಬೇಟೆಯ ಫಲವನ್ನು ಅಳೆಯುವ ವಿಷಯದಲ್ಲಿ ಮಾತ್ರ ಇಂಥ ವಿವೇಕ ಕಾಣಿಸಲಿಲ್ಲ. ಲಂಡನ್ನಿನ ರೋಲಂಡ್ ವಾರ್ಡ್ ಸಂಸ್ಥೆ 1892ರಿಂದ ಪ್ರಕಟಿಸಿದ ದಾಖಲೆಗಳಲ್ಲಿ ಕೊಂಬು, ದಂತಗಳ ಉದ್ದ, ಸುತ್ತಳತೆ, ತೂಕಗಳು ಪುಟಗಟ್ಟಲೆ ಸಿಗುತ್ತವೆ. ಆದರೆ ಒಂದು ಮಟ್ಟಕ್ಕಿಂತ ದೊಡ್ಡದಾದುದು ಮಾತ್ರ ಅಲ್ಲಿ ಸೇರುತ್ತಿದ್ದುದರಿಂದ, ಒಟ್ಟು ಪ್ರಾಣಿಸಮೂಹದ ಬಗ್ಗೆ ಆ ಅಂಕಿಗಳು ಹೇಳುವುದು ತೀರ ಕಡಿಮೆ. ಗೋಡೆಗೇರಿದ ತಲೆಯಲ್ಲಿಯೂ ಬಹಳ ಸಲ ಮೂಲ ಪ್ರಾಣಿಯದೆನ್ನಲು ಉಳಿಯುವುದು ಚರ್ಮ ಮತ್ತು ಕೊಂಬು ಮಾತ್ರ. ನಮ್ಮ ಮೈಸೂರಿನ ವ್ಯಾನ್ ಇಂಗೆನ್ ಕಾರ್ಖಾನೆಯಲ್ಲಿ ಹುಲಿ, ಚಿರತೆಗಳ ಚರ್ಮವನ್ನು ಹೊದಿಸುತ್ತಿದ್ದದ್ದು ಕಾಗದದ ತಿರುಳಿನಿಂದ ಮಾಡಿದ ಅಚ್ಚುಬೊಂಬೆಗಳಿಗೆ.

ತಲೆಬುರುಡೆ ಉಳಿದುಕೊಂಡರೆ ಕತೆಯೇ ಬೇರೆ. 1898ರಲ್ಲಿ ಕೀನ್ಯಾದ ತ್ಸಾವೊ ನದಿಗೆ ರೈಲು ಸೇತುವೆ ಕಟ್ಟುತ್ತಿದ್ದ ಕೂಲಿಗಳನ್ನು ಕೇಸರವಿಲ್ಲದ ಎರಡು ಗಂಡು ಸಿಂಹಗಳು ತಿಂಗಳುಗಟ್ಟಲೆ ಕಾಡಿದವು. ಎಂಜಿನಿಯರ್ ಜೆ.ಎಚ್. ಪ್ಯಾಟರ್ಸನ್ ಆ ಡಿಸೆಂಬರಿನಲ್ಲಿ ಎರಡನ್ನೂ ಕೊಂದ. ಮುಂದಿನ ಕಾಲು ಶತಮಾನ ಅವುಗಳ ಚರ್ಮ ನೆಲಹಾಸಾಗಿತ್ತು. 1924ರಲ್ಲಿ ಷಿಕಾಗೋದ ಫೀಲ್ಡ್ ಮ್ಯೂಸಿಯಂ ಚರ್ಮ, ಬುರುಡೆಗಳೆರಡನ್ನೂ ಕೊಂಡುಕೊಂಡಿತು. ನೆಲಹಾಸಿಗಾಗಿ ಅಂಚು ಕತ್ತರಿಸಿದ್ದರಿಂದ ಪ್ರದರ್ಶನದಲ್ಲಿರುವ ಸಿಂಹಗಳು ಜೀವಂತವಾಗಿದ್ದಾಗಿನ ಗಾತ್ರಕ್ಕಿಂತ ಚಿಕ್ಕವು.

ಪ್ಯಾಟರ್ಸನ್ ಒಂದೆಡೆ ಸತ್ತವರ ಸಂಖ್ಯೆಯನ್ನು 135 ಎಂದಿದ್ದ. 2009ರಲ್ಲಿ ವಿಜ್ಞಾನಿಗಳು ಸಿಂಹಗಳ ಮೂಳೆ ಮತ್ತು ಕೂದಲಿನಲ್ಲಿದ್ದ ಇಂಗಾಲ, ಸಾರಜನಕಗಳ ಐಸೊಟೋಪುಗಳನ್ನು (ತಿಂದ ಆಹಾರಕ್ಕೆ ತಕ್ಕಂತೆ ಪ್ರಮಾಣ ಬದಲಾಗುವ, ಬೇರೆ ಬೇರೆ ತೂಕದ ಪರಮಾಣುಗಳನ್ನು) ಅಳೆದು, ಅವು ತಿಂದ ಮನುಷ್ಯರ ಸಂಖ್ಯೆ ಸುಮಾರು 35 ಎಂದು ಅಂದಾಜಿಸಿದರು. ಎರಡೂ ಒಟ್ಟಿಗೆ ಬೇಟೆಯಾಡುತ್ತಿದ್ದರೂ ಒಂದು ಸುಮಾರು 24 ಮಂದಿಯನ್ನು, ಇನ್ನೊಂದು 11 ಮಂದಿಯನ್ನು ತಿಂದಿತ್ತು. ಹೆಚ್ಚು ಜನರನ್ನು ತಿಂದ ಸಿಂಹದ ಕೋರೆಹಲ್ಲು ಮುರಿದು, ಬುಡದಲ್ಲಿ ಕೀವುಗಟ್ಟಿದ ಗುರುತಿದೆ. ಆ ನೋವಿನಲ್ಲಿ ಜೀಬ್ರಾದ ಗಂಟಲು ಹಿಡಿಯುವುದು ಕಷ್ಟವಾಗಿ, ಸುಲಭದ ಬೇಟೆಗೆ ಇಳಿದಿರಬೇಕೆಂಬುದು ಒಂದು ವಿವರಣೆ.

ಮುರಿದ ಹಲ್ಲುಗಳ ಪೊಳ್ಳಿನಲ್ಲಿ ತಿಂದ ಪ್ರಾಣಿಗಳ ಕೂದಲಿನ ಚೂರುಗಳು ಪದರಪದರವಾಗಿ ಅಂಟಿಕೊಂಡಿದ್ದವು. 2024ರಲ್ಲಿ ಪ್ರಕಟವಾದ ಅಧ್ಯಯನ ಅವುಗಳಿಂದ ಡಿಎನ್‌ಎ ಪ್ರತ್ಯೇಕಿಸಿ ಜಿರಾಫೆ, ಓರಿಕ್ಸ್, ವಾಟರ್‌ಬಕ್, ಜೀಬ್ರಾ, ವೈಲ್ಡ್‌ಬೀಸ್ಟ್ ಮತ್ತು ಮನುಷ್ಯನನ್ನು ಗುರುತಿಸಿತು. ಸೇತುವೆಯ ಆಸುಪಾಸಿನಲ್ಲಿ ವೈಲ್ಡ್‌ಬೀಸ್ಟ್ ಇರಲಿಲ್ಲವೆಂದು ತಿಳಿಯಲಾಗಿದ್ದರಿಂದ, ಸಿಂಹಗಳು ದೂರದವರೆಗೂ ಅಲೆದಿರಬಹುದೆಂಬ ಊಹೆಗೆ ಇದು ಎಡೆಮಾಡಿದೆ. ಮನುಷ್ಯರ ಕೂದಲನ್ನು ಮಾತ್ರ ಸಂಶೋಧಕರು ಹೆಚ್ಚಿನ ಪರೀಕ್ಷೆಗೆ ಒಳಪಡಿಸದೆ ಬಿಟ್ಟರು. ಸತ್ತವರಲ್ಲಿ ಸ್ಥಳೀಯ ಆಫ್ರಿಕನ್ನರೂ ಇದ್ದರು, ಬ್ರಿಟಿಷರು ಕರೆತಂದ ಭಾರತದ ಕೂಲಿಗಳೂ ಇದ್ದರು. ಅವರ ವಂಶಸ್ಥರು ಇಂದಿಗೂ ಆ ಪ್ರದೇಶದಲ್ಲಿ ಇರಬಹುದಾದ್ದರಿಂದ ಅವರನ್ನು ಕೇಳದೆ ಮುಂದುವರಿಯುವುದು ಸರಿಯಲ್ಲವೆಂಬುದು ಸಂಶೋಧಕರ ನಿಲುವು.