ಕಡಿಮೆ ತೂಕದ ಮಗುವನ್ನು ಗಾಜಿನ ಪೆಟ್ಟಿಗೆಯಿಂದ ತೆಗೆದು ತಾಯಿಯ ಎದೆಗೆ ಕೊಡೋದು ಸರೀನಾ?

ಪ್ರಶ್ನೆ: ಅಕ್ಕನಿಗೆ ಎಂಟು ತಿಂಗಳಿಗೇ ಹೆರಿಗೆ ಆಯ್ತು. ಮಗು 1.6 ಕೆ.ಜಿ. ಇದೆ, ಎನ್‌ಐಸಿಯುನಲ್ಲಿ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಇಟ್ಟಿದ್ದಾರೆ. ಈಗ ನರ್ಸ್ ಬಂದು ‘ಮಗುವನ್ನು ಎದೆ ಮೇಲೆ ಕಟ್ಟಿಕೊಂಡು ಕೂರಬೇಕು, ಅಪ್ಪನೂ ಕೂರಲಿ’ ಅಂತಿದ್ದಾರೆ. ನಮ್ಮಿಂದ ಸೋಂಕು ತಗುಲೋದಿಲ್ವಾ? ಮೆಷೀನ್ ಸಾಲದೆ ಹೀಗೆ ಮಾಡ್ತಿದ್ದಾರಾ?

ಉತ್ತರ: ಧೈರ್ಯವಾಗಿ ಕಟ್ಟಿಕೊಳ್ಳೋಕೆ ಹೇಳಿ. ಇವತ್ತೇ ಶುರು ಮಾಡಲಿ. ಆ ನರ್ಸ್ ನಿಮ್ಮ ಮಗುವಿಗೆ ಒಳ್ಳೇದನ್ನೇ ಮಾಡುತ್ತಿದ್ದಾರೆ.

ಇದಕ್ಕೆ ಕಾಂಗರೂ ಆರೈಕೆ ಅಂತಾರೆ. ನಿಮ್ಮ ಅನುಮಾನಕ್ಕೂ ಒಂದು ಕಾರಣ ಇದೆ, ಯಾಕಂದ್ರೆ ಇದು ಶುರುವಾಗಿದ್ದೇ ಮೆಷೀನ್ ಸಾಲದೆ. 1978ರಲ್ಲಿ ಕೊಲಂಬಿಯಾದ ಬೊಗೋಟಾದ ಒಂದು ಹೆರಿಗೆ ಆಸ್ಪತ್ರೆಯಲ್ಲಿ ಮಗುವನ್ನು ಬೆಚ್ಚಗಿಡುವ ಒಂದೇ ಗಾಜಿನ ಪೆಟ್ಟಿಗೆಯಲ್ಲಿ ಒಂದಕ್ಕಿಂತ ಹೆಚ್ಚು ಮಕ್ಕಳನ್ನು ಮಲಗಿಸಬೇಕಾದ ಪರಿಸ್ಥಿತಿ ಇತ್ತು, ಒಂದರ ಸೋಂಕು ಇನ್ನೊಂದಕ್ಕೆ ಹರಡಿ ಮಕ್ಕಳು ಸಾಯುತ್ತಿದ್ದವು. ಆಗ ಎಡ್ಗರ್ ರೇ ಎಂಬ ಮಕ್ಕಳ ವೈದ್ಯರು ಮಗುವನ್ನು ತಾಯಿಯ ಎದೆಗೇ ಕಟ್ಟಿಸಿದರು. ಬೇರೆ ದಾರಿ ಇಲ್ಲದೆ ಮಾಡಿದ್ದು, ಆಮೇಲೆ ನೋಡಿದರೆ ಅದೇ ಒಳ್ಳೆಯ ದಾರಿ ಆಯ್ತು.

ಹುಟ್ಟಿದ ಕೂಡಲೇ ಶುರು ಮಾಡಿದರೆ ಇನ್ನೂ ಒಳ್ಳೆಯದು ಅಂತ ಗಟ್ಟಿಯಾಗಿ ಗೊತ್ತಾಗಿದ್ದು 2021ರಲ್ಲಿ. ಘಾನಾ, ಮಲಾವಿ, ನೈಜೀರಿಯಾ, ತಾಂಜಾನಿಯಾ ಮತ್ತು ನಮ್ಮ ದೆಹಲಿಯ ಸಫ್ದರ್‌ಜಂಗ್, ಹೀಗೆ ಐದು ಆಸ್ಪತ್ರೆಗಳಲ್ಲಿ 1 ಕೆ.ಜಿ.ಯಿಂದ 1.8 ಕೆ.ಜಿ. ಒಳಗಿನ 3,211 ಮಕ್ಕಳ ಮೇಲೆ ಅಧ್ಯಯನ ನಡೆಯಿತು. ಅರ್ಧ ಮಕ್ಕಳನ್ನು ಎಂದಿನಂತೆ ಮೊದಲು ಮೆಷೀನಿನಲ್ಲಿಟ್ಟು, ಸುಧಾರಿಸಿದ ಮೇಲೆ ತಾಯಿಗೆ ಕೊಟ್ಟರು. ಉಳಿದವರಿಗೆ ಹುಟ್ಟಿದ ಕೂಡಲೇ ಕಾಂಗರೂ ಆರೈಕೆ ಶುರು, ಅದಕ್ಕಾಗಿ ತಾಯಿಗೂ ಎನ್‌ಐಸಿಯು ಒಳಗೇ ಮಂಚ. ಮೊದಲ 28 ದಿನದಲ್ಲಿ ತೀರಿಕೊಂಡ ಮಕ್ಕಳು ಮೆಷೀನ್ ಗುಂಪಿನಲ್ಲಿ ನೂರಕ್ಕೆ 15.7, ತಾಯಿ ಮಡಿಲಿನ ಗುಂಪಿನಲ್ಲಿ 12. ವ್ಯತ್ಯಾಸ ಅಷ್ಟು ಸ್ಪಷ್ಟವಾಗಿದ್ದರಿಂದ, ಗೊತ್ತಿದ್ದೂ ಉಳಿದ ಮಕ್ಕಳಿಗೆ ಇದನ್ನು ತಪ್ಪಿಸುವುದು ಸರಿಯಲ್ಲ ಅಂತ ಅಧ್ಯಯನವನ್ನು ಅವಧಿಗೆ ಮುಂಚೆಯೇ ನಿಲ್ಲಿಸಿದರು. ಮರುವರ್ಷ ವಿಶ್ವ ಆರೋಗ್ಯ ಸಂಸ್ಥೆಯೂ ಹುಟ್ಟಿದ ಕೂಡಲೇ ಶುರು ಮಾಡಿ, ದಿನಕ್ಕೆ 8ರಿಂದ 24 ಗಂಟೆ, ಆದಷ್ಟೂ ಜಾಸ್ತಿ ಹೊತ್ತು ಇಡಿ ಅಂದಿತು.

ಇನ್ನು ಸೋಂಕಿನ ಮಾತು. ಆ ಅಧ್ಯಯನದಲ್ಲಿ ನಂಜು ಕಡಿಮೆ ಕಂಡಿದ್ದು ತಾಯಿಯ ಎದೆಯ ಮೇಲಿದ್ದ ಮಕ್ಕಳಲ್ಲೇ! ಆಸ್ಪತ್ರೆಯಲ್ಲಿ ಓಡಾಡುವ ಸೂಕ್ಷ್ಮಜೀವಿಗಳಲ್ಲಿ ಹಲವು ಔಷಧಿಗೂ ಬಗ್ಗದಂಥವು. ತಾಯಿಯ ಚರ್ಮದ ಮೇಲಿರುವವು ಹಾಗಲ್ಲ, ಅವುಗಳ ವಿರುದ್ಧ ಹೋರಾಡುವ ಶಕ್ತಿ ಅವಳ ಎದೆಹಾಲಿನಲ್ಲೇ ಮಗುವಿಗೆ ಸಿಗುತ್ತದೆ. ಎದೆಗೆ ಎದೆ ತಾಗಿದ್ದರೆ ಹಾಲೂ ಚೆನ್ನಾಗಿ ಬರುತ್ತದೆ. ಇಷ್ಟು ಪುಟ್ಟ ಮಗುವಿನ ಮೈಯಲ್ಲಿ ಕೊಬ್ಬಿಲ್ಲ, ಚರ್ಮ ತೆಳು, ಬೇಗ ತಣ್ಣಗಾಗುತ್ತದೆ, ಆದ್ದರಿಂದ ಅಮ್ಮನ ಮೈಬಿಸಿ ಅದಕ್ಕೆ ಔಷಧಿಯಷ್ಟೇ ಮುಖ್ಯ.

ಕಟ್ಟಿಕೊಳ್ಳುವ ರೀತಿ ಮಾತ್ರ ಸರಿಯಾಗಿರಬೇಕು. ಕೈ ಸೋಪಿನಲ್ಲಿ ತೊಳೆಯಿರಿ, ಉಂಗುರ ಬಳೆ ತೆಗೆದಿಡಿ. ಮಗುವಿಗೆ ಟೋಪಿ, ಕಾಲುಚೀಲ, ಲಂಗೋಟಿ ಅಷ್ಟೇ ಸಾಕು. ಎರಡು ಎದೆಗಳ ನಡುವೆ ನೆಟ್ಟಗೆ ನಿಲ್ಲಿಸಿದ ಹಾಗೆ ಇಟ್ಟು, ತಲೆಯನ್ನು ಒಂದು ಪಕ್ಕಕ್ಕೆ ತಿರುಗಿಸಿ, ಗದ್ದ ಮಗುವಿನದೇ ಎದೆಗೆ ಒತ್ತದ ಹಾಗೆ ಸ್ವಲ್ಪ ಮೇಲೆತ್ತಿ, ಕಾಲುಗಳು ಕಪ್ಪೆಯ ಕಾಲಿನಂತೆ ಮಡಚಿರಲಿ. ಕುತ್ತಿಗೆ ಮುಂದಕ್ಕೆ ಬಾಗಿದರೆ ಉಸಿರು ಕಟ್ಟುತ್ತದೆ, ಅದನ್ನು ಆಗಾಗ ನೋಡುತ್ತಿರಿ. ಮೇಲೆ ಬಟ್ಟೆ ಸುತ್ತಿ. ಅಕ್ಕ ಅಂಗಾತ ಮಲಗಬಾರದು, ದಿಂಬು ಕೊಟ್ಟು ಒರಗಿ ಕೂರಲಿ. ಸಿಸೇರಿಯನ್ ಆಗಿದ್ದರೂ ಮಾಡಬಹುದು. ಒಮ್ಮೆ ಇಟ್ಟರೆ ಕಡಿಮೆ ಅಂದ್ರೂ ಒಂದು ಗಂಟೆ ಇಡಿ, ಪದೇ ಪದೇ ತೆಗೆದು ಇಟ್ಟರೆ ಮಗುವಿಗೆ ಸುಸ್ತು. ಮೂಗಿನಲ್ಲಿ ಹಾಲಿನ ನಳಿಕೆ ಇದ್ದರೂ, ಗ್ಲೂಕೋಸ್ ಹೋಗುತ್ತಿದ್ದರೂ ನರ್ಸ್ ಸಹಾಯದಿಂದ ಇಡಬಹುದು. ವೆಂಟಿಲೇಟರ್‌ನಲ್ಲಿದ್ದರೆ ಡಾಕ್ಟರು ಹೇಳೋವರೆಗೂ ಬೇಡ.

ಅಪ್ಪನೂ ಇಟ್ಟುಕೊಳ್ಳಲಿ, ಅಜ್ಜಿಯೂ ಇಟ್ಟುಕೊಳ್ಳಲಿ. ಹೆತ್ತವಳೊಬ್ಬಳೇ ಹಗಲೂ ರಾತ್ರಿ ಕೂರೋಕೆ ಆಗೋದಿಲ್ಲ, ಅವಳೂ ಊಟ ಮಾಡಬೇಕು, ನಿದ್ದೆ ಮಾಡಬೇಕು. ಕೆಮ್ಮು, ಜ್ವರ, ಚರ್ಮರೋಗ ಇರುವವರು ಮಾತ್ರ ದೂರ ಇರಿ.

ಹೊರಗೆ ಬೆಂಚಿನ ಮೇಲೆ ಕಾಯಬೇಕಿದ್ದ ಮನೆಯವರನ್ನು ಒಳಗೆ ಕರೆದು ಕೆಲಸ ಕಲಿಸೋದು ಅಂದ್ರೆ ಆಸ್ಪತ್ರೆಗೆ ಸುಲಭ ಅಲ್ಲ. ಆದರೆ ಇದು ಯಾರೋ ಒಬ್ಬ ನರ್ಸಿನ ಇಷ್ಟದ ಮಾತೂ ಅಲ್ಲ. ಸರ್ಕಾರಿ ಆಸ್ಪತ್ರೆಗಳ ನವಜಾತ ಶಿಶು ಘಟಕಗಳಲ್ಲಿ ತಂದೆ ತಾಯಿಗೆ ತರಬೇತಿ ಕೊಟ್ಟು ಆರೈಕೆಯಲ್ಲಿ ಸೇರಿಸಿಕೊಳ್ಳಬೇಕು ಅಂತ ಕೇಂದ್ರ ಆರೋಗ್ಯ ಸಚಿವಾಲಯವೇ 2017ರಲ್ಲಿ ಮಾರ್ಗಸೂಚಿ ತಂದಿದೆ. ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ, ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಮತ್ತು ಸರ್ಕಾರ ಸೇರಿ ಇದನ್ನು ಆಸ್ಪತ್ರೆಯಿಂದ ಮನೆಯವರೆಗೂ ಮುಂದುವರಿಸುವ ಕೆಲಸ ಮಾಡಿವೆ. ಹಾಗಾಗಿ ಸಂಕೋಚ ಬೇಡ. ಕೂರೋಕೆ ಒರಗುವ ಕುರ್ಚಿ ಕೊಡಿ, ಮರೆಗೆ ಪರದೆ ಹಾಕಿ ಅಂತ ಕೇಳಿ. ಒಳಗೆ ಬಿಡದ ಆಸ್ಪತ್ರೆಯಾದರೆ ಯಾಕೆ ಬಿಡೋದಿಲ್ಲ ಅಂತ ಡಾಕ್ಟರನ್ನೇ ಕೇಳಿ. ಹೆತ್ತವಳನ್ನು ಬಾಗಿಲ ಹೊರಗೆ ನಿಲ್ಲಿಸೋದು ಒಳ್ಳೆಯ ಚಿಕಿತ್ಸೆ ಅಂತ ನನಗಂತೂ ಅನ್ನಿಸೋದಿಲ್ಲ.

ಡಿಸ್ಚಾರ್ಜ್‌ಗೆ ಮುಂಚೆ ಒಂದು ಕೆಲಸ ಮಾಡಿ. ಹಾಲು ಹಿಂಡಿ ಒಳಲೆಯಲ್ಲಿ ಕುಡಿಸೋದನ್ನು ನರ್ಸ್ ತೋರಿಸಿದ ಮೇಲೆ, ಅಕ್ಕ ಅವರ ಎದುರೇ ಒಮ್ಮೆ ಮಾಡಿ ತೋರಿಸಲಿ. ‘ಆಯ್ತು, ಗೊತ್ತಾಯ್ತು’ ಅಂತ ತಲೆಯಾಡಿಸಿ ಬಂದರೆ ರಾತ್ರಿ ಎರಡು ಗಂಟೆಗೆ ಕೈ ನಡುಗುತ್ತದೆ.

ತವರಿಗೆ ಹೋದ ಮೇಲೂ ಕಟ್ಟಿಕೊಳ್ಳೋದು ನಿಲ್ಲಿಸಬೇಡಿ. ತೂಕ 2.5 ಕೆ.ಜಿ. ಹತ್ತಿರ ಬಂದಾಗ ಮಗುವೇ ಒದ್ದಾಡಿ ಬೇಡ ಅನ್ನುತ್ತದೆ, ಅಲ್ಲಿಯವರೆಗೆ ಇರಲಿ. ಮನೆಯಲ್ಲಿ ಹಿರಿಯರು ಬೇಸರ ಮಾಡಿಕೊಂಡರೂ ಸರಿ, ಈ ಮಗುವಿಗೆ ಈಗಲೇ ಎಣ್ಣೆನೀರು, ಸಾಂಬ್ರಾಣಿ ಹೊಗೆ ಬೇಡ. ಆಶಾ ಕಾರ್ಯಕರ್ತೆ ಮನೆಗೆ ಬಂದಾಗ ತೂಕ ಹಾಕಿಸಿ. ಹಾಲು ಕುಡಿಯದಿದ್ದರೆ, ಮೈ ತಣ್ಣಗಾದರೆ ಅಥವಾ ಕಾದರೆ, ಉಸಿರು ಜೋರಾದರೆ, ನಡುನಡುವೆ ನಿಂತರೆ, ತುಟಿ ನೀಲಿಯಾದರೆ, ಅಂಗಾಲಿನವರೆಗೂ ಹಳದಿ ಕಂಡರೆ ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಹೊರಡಿ. ದಾರಿಯಲ್ಲೂ ಮಗು ಎದೆಯ ಮೇಲೇ ಇರಲಿ.