ನಾಣ್ಯದ ಹಿಂಬದಿಯಲ್ಲಿ ವಾರಸುದಾರ

ದಕ್ಷಿಣ ಭಾರತದಲ್ಲಿ ಸಿಕ್ಕ ರೋಮನ್ ಬೆಳ್ಳಿ ನಾಣ್ಯಗಳನ್ನು ವಿಂಗಡಿಸಲು ಕೂತರೆ ಒಂದು ನಮೂನೆ ಮತ್ತೆ ಮತ್ತೆ ಕೈಗೆ ಬರುತ್ತದೆ. ಮುಂಬದಿಯಲ್ಲಿ ಆಗಸ್ಟಸ್ ಚಕ್ರವರ್ತಿಯ ತಲೆ. ಹಿಂಬದಿಯಲ್ಲಿ ಅಕ್ಕಪಕ್ಕ ನಿಂತ ಇಬ್ಬರು ಹುಡುಗರು, ನಡುವೆ ನೆಲಕ್ಕೆ ಊರಿದ ಗುರಾಣಿಗಳು, ಅವುಗಳ ಹಿಂದೆ ಈಟಿ. ತೂಕ ನಾಲ್ಕು ಗ್ರಾಂಗೆ ತುಸು ಕಡಿಮೆ. ಸುತ್ತಲಿನ ಅಕ್ಷರ ಅರ್ಧ ಸವೆದಿದ್ದರೂ ಓದಿ ರೂಢಿಯಾದವರಿಗೆ ಗೊತ್ತಾಗುತ್ತದೆ: ಗಾಯಸ್ ಮತ್ತು ಲೂಸಿಯಸ್, ಆಗಸ್ಟಸ್‌ನ ಮಕ್ಕಳು, ಮುಂದೆ ಕಾನ್ಸಲ್, ಅಂದರೆ ರೋಮ್‌ನ ಅತ್ಯುನ್ನತ ಅಧಿಕಾರಿ, ಆಗಲಿರುವವರು.

ನಾಣ್ಯ ನೋಡಿದವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ, ಇವರಲ್ಲಿ ಪಟ್ಟಕ್ಕೆ ಬಂದವನು ಯಾರು? ಇಬ್ಬರೂ ಬರಲಿಲ್ಲ. ಲೂಸಿಯಸ್ ಕ್ರಿ.ಶ. 2ರಲ್ಲಿ ಮಾರ್ಸೇಲ್ಸ್‌ನಲ್ಲಿ ತೀರಿಕೊಂಡ. ಗಾಯಸ್ ಕ್ರಿ.ಶ. 4ರಲ್ಲಿ, ಈಗಿನ ಟರ್ಕಿಯ ಲಿಸಿಯಾದಲ್ಲಿ. ಆದರೂ ಅವರ ನಾಣ್ಯ ಸಾವಿರಗಟ್ಟಲೆ ಮೈಲಿ ದಾಟಿ ನಮ್ಮ ಕಡೆಯ ಮಣ್ಣಿಗೂ ಬಂತು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ, ಬೆಂಗಳೂರಿನ ಯಶವಂತಪುರದಲ್ಲಿ ಆ ಕಾಲದ ರೋಮನ್ ಬೆಳ್ಳಿ ಸಿಕ್ಕಿದೆ.

ಮೊಮ್ಮಕ್ಕಳನ್ನು ದತ್ತು ತಗೊಂಡು, ಅವರ ಚಿತ್ರವನ್ನು ನಾಣ್ಯಕ್ಕೆ ಹಾಕಿಸಿ ಊರೆಲ್ಲ ಹಂಚುವಷ್ಟು ಅವಸರ ಏಕೆ? ರೋಮ್‌ನಲ್ಲಿ ಕಾನೂನು ಪ್ರಕಾರ ಸಿಂಹಾಸನವೇ ಇರಲಿಲ್ಲ. ಅಲ್ಲಿನವರಿಗೆ ರಾಜ ಅಂದರೆ ಆಗದು. ಹಾಗಾಗಿ ಆಗಸ್ಟಸ್ ಕ್ರಿ.ಪೂ. 27ರಲ್ಲಿ ಗಣರಾಜ್ಯವನ್ನು ಜನರಿಗೆ ಮರಳಿಸಿದ್ದೇನೆ ಎಂದು ಸಾರಿದ. ಸೈನ್ಯದ ಹಿಡಿತವನ್ನೂ ಒಂದೊಂದೇ ಅಧಿಕಾರವನ್ನೂ ಮಾತ್ರ ತನ್ನ ಬಳಿ ಇಟ್ಟುಕೊಂಡ. ಉಯಿಲು ಬರೆದು ಆಸ್ತಿ ಕೊಡಬಹುದು, ಹೆಸರು ಕೊಡಬಹುದು. ಈ ಅಧಿಕಾರ ಕೊಡಲು ಬರುವುದಿಲ್ಲ. ರೋಮನ್ ಅರಮನೆಯ ಜಗಳಗಳ ಬೇರು ಇಲ್ಲಿದೆ ಎಂದು ನನಗನ್ನಿಸುತ್ತದೆ. ಹಿರಿಯ ಮಗನಿಗೆ ಪಟ್ಟ ಎಂಬ ನಿಯಮ ಇಲ್ಲದ ಕಡೆ, ಆ ಮನೆಯ ರಕ್ತ ಇರುವ ಪ್ರತಿಯೊಬ್ಬನೂ ಹಕ್ಕುದಾರ. ಹಾಗಾಗಿ ಪ್ರತಿಯೊಬ್ಬನೂ ಅಪಾಯ.

ಆಗಸ್ಟಸ್‌ಗೆ ಇದ್ದದ್ದು ಒಬ್ಬಳೇ ಮಗಳು, ಜೂಲಿಯಾ. ಅವಳನ್ನು ಮೊದಲು ಅಕ್ಕನ ಮಗ ಮಾರ್ಸೆಲಸ್‌ಗೆ ಕೊಟ್ಟ. ನಮ್ಮ ಕಡೆ ಲೆಕ್ಕದಲ್ಲಿ ಹೇಳಿಮಾಡಿಸಿದ ಸಂಬಂಧ, ಅಲ್ವಾ? ಅವನು ಕ್ರಿ.ಪೂ. 23ರಲ್ಲಿ ಸತ್ತ. ಆಮೇಲೆ ಗೆಳೆಯ ಅಗ್ರಿಪ್ಪನಿಗೆ ಕೊಟ್ಟ. ಗಾಯಸ್, ಲೂಸಿಯಸ್ ಹುಟ್ಟಿದ್ದು ಅಲ್ಲಿ. ಅಗ್ರಿಪ್ಪನೂ ಸತ್ತಾಗ ತನ್ನ ಹೆಂಡತಿಯ ಮೊದಲ ಮದುವೆಯ ಮಗ ಟೈಬೀರಿಯಸ್‌ಗೆ, ಅವನ ಹೆಂಡತಿಯನ್ನು ಬಿಡಿಸಿ, ಕಟ್ಟಿದ. ಕೊನೆಗೆ ಉಳಿದದ್ದು ಈ ಟೈಬೀರಿಯಸ್ಸೇ. ಕ್ರಿ.ಶ. 14ರಲ್ಲಿ ಆಗಸ್ಟಸ್ ಕಣ್ಣು ಮುಚ್ಚಿದ ಕೂಡಲೇ, ದ್ವೀಪವೊಂದಕ್ಕೆ ಗಡಿಪಾರಾಗಿದ್ದ ಕೊನೆಯ ಮೊಮ್ಮಗ ಅಗ್ರಿಪ್ಪ ಪೋಸ್ಟುಮಸ್‌ನನ್ನು ಕಾವಲಿನವರು ಕೊಂದರು. ಅಪ್ಪಣೆ ಯಾರದು ಎಂಬ ಪ್ರಶ್ನೆಗೆ ರೋಮ್‌ನ ಹಿರಿಯರ ಸಭೆಯಾದ ಸೆನೆಟ್‌ನಲ್ಲಿ ಉತ್ತರ ಸಿಗಲೇ ಇಲ್ಲ.

ಕಾವಲಿನವರು ಅಂದೆ. ಮುಂದಿನ ಕಥೆ ಅವರದ್ದೇ. ಕ್ರಿ.ಶ. 41ರ ಜನವರಿಯಲ್ಲಿ, ಟೈಬೀರಿಯಸ್‌ನ ನಂತರ ಪಟ್ಟಕ್ಕೆ ಬಂದಿದ್ದ ಕಲಿಗುಲನನ್ನು ಅವನದೇ ಅಂಗರಕ್ಷಕ ಪಡೆಯ ಅಧಿಕಾರಿಗಳು ಕೊಂದರು. ಸೆನೆಟ್‌ನವರು ಸಭೆ ಸೇರಿ, ಗಣರಾಜ್ಯ ಮರಳಿ ತರೋಣವೇ ಎಂದು ಮಾತಾಡುತ್ತಾ ಕೂತರು. ಅಷ್ಟರಲ್ಲಿ ಸೈನಿಕರು ಅರಮನೆಯಲ್ಲಿ ಅವಿತಿದ್ದ ಕಲಿಗುಲನ ಚಿಕ್ಕಪ್ಪ ಕ್ಲಾಡಿಯಸ್‌ನನ್ನು ಹಿಡಿದು ತಮ್ಮ ಪಾಳೆಯಕ್ಕೆ ಹೊತ್ತೊಯ್ದರು. ಅವನು ಒಬ್ಬೊಬ್ಬರಿಗೆ 15,000 ಸೆಸ್ಟರ್ಸ್ (ರೋಮನ್ ನಾಣ್ಯ) ಕೊಡುವುದಾಗಿ ಹೇಳಿದ. ಅವರ ಸುಮಾರು ಐದು ವರ್ಷದ ಸಂಬಳ! ಅಲ್ಲಿಗೆ ಚರ್ಚೆ ಮುಗಿಯಿತು.

ಕ್ಲಾಡಿಯಸ್ ಇದನ್ನು ಮುಚ್ಚಿಡಲಿಲ್ಲ ಎಂಬುದು ನನಗೆ ಇಂದಿಗೂ ಸೋಜಿಗ. ಅವನ ಚಿನ್ನದ ನಾಣ್ಯದ ಹಿಂಬದಿಯಲ್ಲಿ ಆ ಪಾಳೆಯದ ಕೋಟೆಗೋಡೆಯೇ ಇದೆ. ಒಳಗೊಬ್ಬ ಸೈನಿಕ. ಚಕ್ರವರ್ತಿಯನ್ನು ಬರಮಾಡಿಕೊಂಡೆವು ಎಂಬ ಬರಹ. ಇನ್ನೊಂದು ನಮೂನೆಯಲ್ಲಿ ಕ್ಲಾಡಿಯಸ್ ಮತ್ತು ಸೈನಿಕ ಕೈ ಕುಲುಕುತ್ತಿದ್ದಾರೆ. ಇಷ್ಟು ನೇರವಾಗಿ ರಸೀದಿ ಬರೆದುಕೊಟ್ಟ ದೊರೆ ಇನ್ನೊಬ್ಬನಿಲ್ಲ.

ಇದೇ ಕ್ಲಾಡಿಯಸ್ ಮುಂದೆ ಅಣ್ಣನ ಮಗಳು ಅಗ್ರಿಪ್ಪಿನಳನ್ನು ಮದುವೆಯಾದ. ರೋಮ್‌ನಲ್ಲೂ ಅದು ನಿಷಿದ್ಧವೇ. ಸೆನೆಟ್‌ನಿಂದ ಕಾನೂನು ತಿದ್ದಿಸಬೇಕಾಯಿತು. ಅವಳ ಮಗ ನೀರೋನನ್ನು ಕ್ರಿ.ಶ. 50ರಲ್ಲಿ ದತ್ತು ತಗೊಂಡ. ಸ್ವಂತ ಮಗ ಬ್ರಿಟಾನಿಕಸ್ ಮೂರು ವರ್ಷ ಚಿಕ್ಕವನು, ಹಿಂದೆ ಬಿದ್ದ. 54ರಲ್ಲಿ ಕ್ಲಾಡಿಯಸ್ ಸತ್ತ. ಅಗ್ರಿಪ್ಪಿನ ಅವನಿಗೆ ವಿಷದ ಅಣಬೆ ತಿನ್ನಿಸಿದಳು ಎಂಬ ಕಥೆ ಎಲ್ಲರಿಗೂ ಇಷ್ಟ. ನನಗೆ ಅದಕ್ಕಿಂತ ಆಮೇಲಿನ ನಾಣ್ಯಗಳೇ ಜಾಸ್ತಿ ಹೇಳುತ್ತವೆ. ಮೊದಲ ತಿಂಗಳುಗಳ ನಾಣ್ಯದಲ್ಲಿ ತಾಯಿ, ಮಗ ಎದುರುಬದುರು, ಸರಿಸಮ. ಮುಂಬದಿಯಲ್ಲಿ ಓಡುವ ಹೆಸರು ಅಗ್ರಿಪ್ಪಿನಳದ್ದು. ನೀರೋನ ಹೆಸರಿಗೆ ಹಿಂಬದಿ. 55ರ ನಾಣ್ಯ ತಿರುಗಿಸಿ ನೋಡಿ: ಹೆಸರುಗಳು ಅದಲುಬದಲಾಗಿವೆ. ಮಗನ ಮುಖ ಮುಂದೆ ಬಂದಿದೆ, ತಾಯಿಯದು ಅದರ ಹಿಂದೆ ಅಂಚಿನಷ್ಟೇ ಕಾಣುತ್ತದೆ. ಅದಾದ ಮೇಲೆ ಅವಳು ನಾಣ್ಯದಲ್ಲೇ ಇಲ್ಲ. ಅದೇ ವರ್ಷ ಬ್ರಿಟಾನಿಕಸ್ ಊಟಕ್ಕೆ ಕೂತಲ್ಲೇ ಕುಸಿದು ಸತ್ತ. ಮೂರ್ಛೆರೋಗ ಎಂದ ನೀರೋ. ತಾಯಿಯನ್ನು ಕೊಲ್ಲಿಸಿದ್ದು 59ರಲ್ಲಿ.

ನೀರೋ ಸತ್ತ ಮೇಲೆ ಆ ಮನೆತನವೇ ಮುಗಿಯಿತು. 69ರ ಒಂದೇ ವರ್ಷದಲ್ಲಿ ನಾಲ್ವರು: ಗಾಲ್ಬ, ಓಥೋ, ವಿಟೆಲಿಯಸ್, ವೆಸ್ಪೇಸಿಯನ್. ಗಾಲ್ಬ ಮುದುಕ, ಜಿಪುಣ. ಸೈನಿಕರಿಗೆ ಅವನ ಹೆಸರಲ್ಲಿ ಮಾತು ಕೊಟ್ಟಿದ್ದ ಹಣವನ್ನೇ ಕೊಡಲಿಲ್ಲ. ತನಗೊಬ್ಬ ವಾರಸುದಾರ ಬೇಕೆಂದು ಪೀಸೋ ಎಂಬವನನ್ನು ಜನವರಿ 10ರಂದು ದತ್ತು ತಗೊಂಡ. 15ರಂದು ಇಬ್ಬರ ತಲೆಯೂ ಹೋಯಿತು. ಸೋತು ಗೆದ್ದು ಉಳಿದವನು ವೆಸ್ಪೇಸಿಯನ್. ಅವನಿಗೆ ಬೆಳೆದ ಗಂಡುಮಕ್ಕಳಿದ್ದರು, ಪೂರ್ವದಲ್ಲಿ ಸೈನ್ಯವಿತ್ತು.

ಇಂಥ ನಾಣ್ಯ ಓದುವಾಗ ನಾನು ಇಟ್ಟುಕೊಂಡಿರುವ ಒಂದು ಲೆಕ್ಕ ಇದೆ. ಅದು ಯಾವುದನ್ನು ಜೋರಾಗಿ ಸಾರುತ್ತದೋ, ಅದೇ ಅಲ್ಲಿ ಕೊರತೆ ಇರಬೇಕು. ಕ್ರಿ.ಶ. 96ರಲ್ಲಿ ಪಟ್ಟಕ್ಕೆ ಬಂದ ನರ್ವನ ನಾಣ್ಯದಲ್ಲಿ ಎರಡು ಕೈ ಹಿಡಿದುಕೊಂಡಿವೆ, ಸೈನ್ಯದ ಒಗ್ಗಟ್ಟು ಎಂದು ಬರೆದಿದೆ. ವಯಸ್ಸಾದ, ಮಕ್ಕಳಿಲ್ಲದ ಮನುಷ್ಯ. ಮರುವರ್ಷವೇ ಅಂಗರಕ್ಷಕ ಪಡೆ ಅವನನ್ನು ಸುತ್ತುವರಿದು, ಹಿಂದಿನ ಚಕ್ರವರ್ತಿ ಡೊಮಿಷಿಯನ್‌ನನ್ನು ಕೊಂದವರನ್ನು ಒಪ್ಪಿಸು ಎಂದು ಹಟ ಹಿಡಿಯಿತು. ಒಪ್ಪಿಸಬೇಕಾಯಿತು. ಆಗ ನರ್ವ ಜರ್ಮನಿ ಗಡಿಯಲ್ಲಿ ದೊಡ್ಡ ಸೈನ್ಯ ಇಟ್ಟುಕೊಂಡಿದ್ದ ಟ್ರಾಜನ್‌ನನ್ನು ದತ್ತು ತಗೊಂಡ. ರಕ್ತಸಂಬಂಧ ಏನೂ ಇಲ್ಲ. 98ರ ಜನವರಿಯಲ್ಲಿ ನರ್ವ ತೀರಿಕೊಂಡ. ಟ್ರಾಜನ್ ರೋಮ್‌ಗೆ ಬಂದದ್ದು ಮರುವರ್ಷ. ಅದಕ್ಕೂ ಮೊದಲೇ ಆ ಗಲಾಟೆಯ ಮುಂದಾಳನ್ನೂ ಜೊತೆಗಿದ್ದವರನ್ನೂ ಏನೋ ಕೆಲಸವಿದೆ ಎಂಬಂತೆ ಗಡಿಗೆ ಕರೆಸಿಕೊಂಡು, ಅಲ್ಲೇ ಮುಗಿಸಿದ.